ರೇಸಿನ ಪಾರಿವಾಳಕ್ಕೆ ಹಾಲು, ಬಾದಾಮಿ, ಟಾನಿಕ್ ಬೇಕೆ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ ಮನೆ ತಾರಸಿಯ ಮೇಲೆ 32 ಹೋಮರ್ ಪಾರಿವಾಳ, ಅಂದರೆ ದೂರದ ಊರಿನಲ್ಲಿ ಬಿಟ್ಟರೂ ಮನೆಗೆ ಹಾರಿ ಬರುವ ತಳಿ, ಸಾಕಿದ್ದೇನೆ. ಹೋದ ವರ್ಷದಿಂದ ರೇಸಿಗೆ ಬಿಡುತ್ತಿದ್ದೇನೆ. ನಮ್ಮ ಸೋದರಮಾವ ಮೂವತ್ತು ವರ್ಷದಿಂದ ಪಾರಿವಾಳ ಸಾಕಿದವರು. ರೇಸಿಗೆ ಮೂರು ದಿನ ಇರುವಾಗ ಬಾದಾಮಿ ಅರೆದು ಹಾಲಿಗೆ ಹಾಕಿ, ಗ್ಲೂಕೋಸ್ ಬೆರೆಸಿ, ಒಂದೊಂದು ಹಕ್ಕಿಗೆ 10 ಮಿ.ಲೀ. ಸಿರಿಂಜಿನಲ್ಲಿ ಕುಡಿಸು ಅಂದರು. ಹಾಗೇ ಮಾಡಿದೆ. ಮಾರನೇ ದಿನವೇ ಐದಾರು ಹಕ್ಕಿಗಳು ನೀರುನೀರಾಗಿ ಹಿಕ್ಕೆ ಹಾಕಿದವು. ಅನಂತಪುರದ ರೇಸಿನಲ್ಲಿ ಎರಡು ಹಕ್ಕಿಗಳು ಸಂಜೆ ಹೊತ್ತಿಗೆ ಬಂದವು. ಎದೆಮೂಳೆ ಕೈಗೆ ಚೂಪಾಗಿ ಸಿಗುತ್ತದೆ, ಈಗಲೂ ಮುದುಡಿಕೊಂಡು ಕೂತಿವೆ. ಅಂಗಡಿಯವರು ಮಲ್ಟಿವಿಟಮಿನ್, ಲಿವರ್ ಟಾನಿಕ್, ಕ್ಯಾಲ್ಸಿಯಂ ಮೂರನ್ನೂ ಕೊಟ್ಟು ದಿನಾ ನೀರಿಗೆ ಹಾಕಿ ಅಂದಿದ್ದಾರೆ. ಹಾಲು ಕೊಡಬಹುದಾ? ಸಪ್ಲಿಮೆಂಟ್ ಯಾವುದು ಬೇಕು? ಮುಂದಿನ ರೇಸು ಕರ್ನೂಲಿಂದ ಇದೆ.

ಉತ್ತರ: ಹಾಲು ಬೇಡ. ಇವತ್ತೇ ನಿಲ್ಲಿಸಿ. ಅಂಗಡಿಯ ಆ ಮೂರು ಬಾಟಲಿಗಳನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಅವುಗಳ ವಿಚಾರ ಮುಂದೆ ಹೇಳುತ್ತೇನೆ.

ಮಾವನವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಗರಡಿಮನೆಯ ಪೈಲ್ವಾನನಿಗೆ, ಪರೀಕ್ಷೆಗೆ ಓದುವ ಮಗನಿಗೆ, ಬಾಣಂತಿಗೆ ನಮ್ಮ ಮನೆಗಳಲ್ಲಿ ಕೊಡುವುದು ಹಾಲು ಬಾದಾಮಿಯನ್ನೇ. ಮನೆಯಲ್ಲಿರುವ ಒಳ್ಳೆಯದನ್ನು ಪ್ರೀತಿಯ ಹಕ್ಕಿಗೂ ಕೊಡಬೇಕು ಅನ್ನಿಸುವುದು ಸಹಜ. ಉತ್ತರದ ಕಡೆ, ದಿನವಿಡೀ ಎತ್ತರದಲ್ಲಿ ಹಾರುವ ತಳಿಗಳನ್ನು ಸಾಕುವವರಲ್ಲೂ ಹಾಲು, ತುಪ್ಪ, ಬಾದಾಮಿ, ಪಿಸ್ತಾ ಕೊಡುವ ವಾಡಿಕೆ ತಲೆಮಾರುಗಳಿಂದ ಇದೆ. ಅಕ್ಕರೆಯಲ್ಲಿ ತಪ್ಪಿಲ್ಲ, ಪಾರಿವಾಳದ ಕರುಳಿಗೆ ಆ ಹಾಲು ಹಿಡಿಸುವುದಿಲ್ಲ ಅಷ್ಟೇ.

ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರು. ಉಳಿದದ್ದರಲ್ಲಿ ಎಲ್ಲಕ್ಕಿಂತ ಹೆಚ್ಚಿರುವುದು ಲ್ಯಾಕ್ಟೋಸ್ ಎಂಬ ಸಕ್ಕರೆ, 100 ಮಿ.ಲೀ.ಗೆ ಐದು ಗ್ರಾಂನ ಹತ್ತಿರ. ಈ ಸಕ್ಕರೆ ರಕ್ತಕ್ಕೆ ಸೇರಬೇಕಾದರೆ ಮೊದಲು ಕರುಳಿನಲ್ಲಿ ಎರಡಾಗಿ ಒಡೆಯಬೇಕು. ಒಡೆಯುವ ಕೆಲಸ ಲ್ಯಾಕ್ಟೇಸ್ ಎಂಬ ಕಿಣ್ವದ್ದು. ಮೊಲೆಹಾಲು ಕುಡಿದು ಬೆಳೆಯುವ ಪ್ರಾಣಿಗಳಿಗೆ ಹುಟ್ಟಿನಿಂದಲೇ ಅದು ಇರುತ್ತದೆ. ಮೊಟ್ಟೆಯೊಡೆದು ಬರುವ ಹಕ್ಕಿಗೆ ಅದರ ಅಗತ್ಯ ಯಾವತ್ತೂ ಬಿದ್ದಿಲ್ಲ, ಹಾಗಾಗಿ ಅದರ ಕರುಳಿನಲ್ಲಿ ಈ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ. ಒಡೆಯದೆ ಉಳಿದ ಸಕ್ಕರೆ ಕರುಳಿನೊಳಗೆ ನೀರನ್ನು ಎಳೆದುಕೊಳ್ಳುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಿಸಿ ಗಾಳಿ ತುಂಬಿಸುತ್ತವೆ. ನಿಮ್ಮ ಹಕ್ಕಿಗಳು ಮಾರನೇ ದಿನ ನೀರುನೀರಾಗಿ ಹಿಕ್ಕೆ ಹಾಕಲು ಇದೇ ಕಾರಣವಿರಬಹುದು. ರಾಯಲಸೀಮೆಯ ಬಿಸಿಲಿನ ಮೇಲೆ ಹಾರಿ ಬರಬೇಕಾದ ಹಕ್ಕಿಯ ಮೈಯಿಂದ ರೇಸಿಗೆ ಎರಡು ದಿನ ಮೊದಲೇ ನೀರು ಹೊರಟುಹೋಯಿತು ಎಂದರೆ, ಅದು ಸಂಜೆಗೆ ಬಂದದ್ದೇ ದೊಡ್ಡದು.

ಇಷ್ಟೆಲ್ಲ ನಷ್ಟ ಮಾಡಿಕೊಂಡು ಹಕ್ಕಿಗೆ ಸಿಕ್ಕಿದ್ದಾದರೂ ಏನು ಎಂದು ಲೆಕ್ಕ ಹಾಕೋಣ. 10 ಮಿ.ಲೀ. ಹಾಲಿನಲ್ಲಿ ಇರುವ ಪ್ರೋಟೀನು ಒಂದು ಗ್ರಾಂನ ಮೂರನೇ ಒಂದು ಭಾಗ. ಒಂದೂವರೆ ಗ್ರಾಂ ಹೆಸರುಕಾಳು ತಿಂದರೆ ಅಷ್ಟೇ ಪ್ರೋಟೀನು ಸಿಗುತ್ತದೆ. ಅಂಗೈಯಲ್ಲಿ ಹಾಕಿ ನೋಡಿ, ಅರ್ಧ ಟೀ ಚಮಚವೂ ತುಂಬದಷ್ಟು ಕಾಳು. ಕ್ಯಾಲ್ಸಿಯಂ ಲೆಕ್ಕವೂ ಹಾಗೇ. ಅಷ್ಟು ಹಾಲಿನಲ್ಲಿ ಸಿಗುವುದು ಸುಮಾರು 12 ಮಿ.ಗ್ರಾಂ. ಶೆಲ್ ಗ್ರಿಟ್ಟಿನ, ಅಂದರೆ ಹಕ್ಕಿಗೆ ಹಾಕುವ ಚಿಪ್ಪಿನ ಪುಡಿಯ, ಒಂದು ಪುಟ್ಟ ಚೂರು ನುಂಗಿದರೆ ಅದರ ಎರಡು ಮೂರು ಪಟ್ಟು ಸಿಗುತ್ತದೆ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ನೀಲಿ ಬಣ್ಣದ ಗಂಡು ಹಕ್ಕಿಯನ್ನು ನನ್ನ ಹತ್ತಿರ ತಂದಿದ್ದ. ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಹುಳಿ ವಾಸನೆ ಮೂಗಿಗೆ ಬಡಿಯಿತು, ಎರಡು ದಿನ ತೊಳೆಯದ ಹಾಲಿನ ಪಾತ್ರೆಯ ವಾಸನೆ. ಹಕ್ಕಿಯ ಮೇವುಚೀಲ, ನಾವೆಲ್ಲ ಕ್ರಾಪ್ ಅನ್ನುತ್ತೇವಲ್ಲ ಅದು, ನೀರು ತುಂಬಿದ ಬಲೂನಿನಂತೆ ಜೋತುಬಿದ್ದಿತ್ತು. ಬೆರಳಲ್ಲಿ ಒತ್ತಿದರೆ ಒಳಗೆ ಹರಳು ಹರಳಾಗಿ ಏನೋ ಜಾರುತ್ತಿತ್ತು. ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಮೂರು ಸಲ ತೊಳೆದು ತೆಗೆದಾಗ ಬಂದದ್ದು ಒಡೆದ ಹಾಲಿನ ಗಟ್ಟಿ ತುಣುಕುಗಳು, ಅದಕ್ಕೆ ಅಂಟಿಕೊಂಡ ಬಾದಾಮಿಯ ರವೆ. ಮೂರು ದಿನದ ಹಿಂದೆ ಕುಡಿಸಿದ ಹಾಲಂತೆ. ಕ್ರಾಪ್ ಅನ್ನುವುದು ಕಾಳನ್ನು ನೆನೆಸಿಡುವ ಬೆಚ್ಚಗಿನ ಚೀಲ, ಅಲ್ಲಿ ಜೀರ್ಣರಸ ಇಲ್ಲ. ಬೆಚ್ಚಗಿನ ಜಾಗದಲ್ಲಿ ಹಾಲು ಇಟ್ಟರೆ ಏನಾಗುತ್ತದೋ ಅದೇ ಆಯಿತು. ಹಾಲು ಒಡೆದು, ಹುಳಿತು, ಅದರ ಮೇಲೆ ಯೀಸ್ಟ್ ಬೆಳೆದು ಚೀಲ ಮುಂದಕ್ಕೆ ತಳ್ಳುವುದನ್ನೇ ನಿಲ್ಲಿಸಿತ್ತು. ಆ ಹಕ್ಕಿ ಬದುಕಿತು, ಆದರೆ ಆ ಸೀಸನ್ನಿನಲ್ಲಿ ಮತ್ತೆ ಹಾರಲಿಲ್ಲ.

ಸಿರಿಂಜಿನ ವಿಷಯ ಹಾಲಿಗಿಂತಲೂ ಗಂಭೀರ. ಹಕ್ಕಿಯ ಬಾಯಿ ತೆರೆದು ನೋಡಿ. ನಾಲಿಗೆಯ ಬುಡದಲ್ಲಿ ಒಂದು ಸಣ್ಣ ಸೀಳು ತೆರೆದು ಮುಚ್ಚುತ್ತಿರುವುದು ಕಾಣುತ್ತದೆ. ಅದು ಉಸಿರಿನ ದಾರಿ. ನಮ್ಮ ಗಂಟಲಲ್ಲಿ ಅದಕ್ಕೊಂದು ಮುಚ್ಚಳವಿದೆ, ಹಕ್ಕಿಗೆ ಇಲ್ಲ. ಪಾರಿವಾಳ ತಾನಾಗಿ ಕುಡಿಯುವಾಗ ಕೊಕ್ಕು ಮುಳುಗಿಸಿ, ತಲೆ ಎತ್ತದೆ, ಸೊರ್ರನೆ ಹೀರುತ್ತದೆ. ತಲೆ ಎತ್ತಿ ಹಿಡಿದು ಕೊಕ್ಕಿನ ಮುಂಭಾಗಕ್ಕೆ ಸುರಿದರೆ ಆ ಸೀಳಿನೊಳಗೆ ಎರಡು ಹನಿ ಇಳಿಯಲು ಕ್ಷಣ ಸಾಕು. ನೀರಾದರೆ ಕೆಮ್ಮಿ ಬಚಾವಾದೀತು. ಕೊಬ್ಬು ಇರುವ ಹಾಲು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯ. ನಿಮ್ಮ ಎರಡು ಹಕ್ಕಿಗಳು ಬಾಲ ಮೇಲೆ ಕೆಳಗೆ ಆಡಿಸುತ್ತ ಉಸಿರಾಡುತ್ತಿದ್ದರೆ, ಬಾಯಿ ತೆರೆದುಕೊಂಡಿದ್ದರೆ, ಅಥವಾ ಉಸಿರಿನ ಜೊತೆ ಟಿಕ್ ಟಿಕ್ ಎಂಬ ಸದ್ದು ಬರುತ್ತಿದ್ದರೆ ಈ ಉತ್ತರ ಓದುವುದನ್ನು ಇಲ್ಲಿಗೇ ಬಿಟ್ಟು ಡಾಕ್ಟರ ಹತ್ತಿರ ಹೊರಡಿ.

"ಪಾರಿವಾಳವೇ ಮರಿಗೆ ಹಾಲು ಕೊಡುತ್ತದಲ್ಲ" ಎಂದು ಮಾವ ಕೇಳಿದರೆ? ಕೇಳಬೇಕಾದ ಪ್ರಶ್ನೆಯೇ. ಮೊಟ್ಟೆಯೊಡೆಯಲು ಎರಡು ದಿನ ಇರುವಾಗಿನಿಂದ ತಾಯಿ ತಂದೆ ಇಬ್ಬರ ಕ್ರಾಪಿನ ಒಳಗೋಡೆಯೂ ದಪ್ಪವಾಗುತ್ತದೆ. ಕೊಬ್ಬು ತುಂಬಿಕೊಂಡ ಜೀವಕೋಶಗಳು ಅಲ್ಲಿಂದ ಪದರ ಪದರವಾಗಿ ಕಳಚಿ ಬೀಳುತ್ತವೆ. ನೋಡಲು ಹಿಂಡಿದ ಪನೀರಿನ ಪುಡಿಯಂತಿರುವ ಇದನ್ನು ಮರಿ ತನ್ನ ಕೊಕ್ಕನ್ನು ತಾಯಿಯ ಬಾಯೊಳಗೆ ತೂರಿಸಿ ಗುಟುಕು ತೆಗೆದುಕೊಳ್ಳುತ್ತದೆ. ಒಂದು ದಿನದ ಮರಿಯನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಕಣ್ಣು ಇನ್ನೂ ಬಿಟ್ಟಿರುವುದಿಲ್ಲ, ಮೈ ಮೇಲೆ ಹಳದಿ ಎಳೆಗಳು, ಕತ್ತಿನ ಕೆಳಗಿನ ತೆಳು ಚರ್ಮದ ಹಿಂದೆ ತಿಳಿಹಳದಿ ಹಾಲು ಗಂಟುಗಂಟಾಗಿ ನಿಚ್ಚಳವಾಗಿ ಕಾಣುತ್ತದೆ. ಇದನ್ನು ಹಾಲು ಎಂದು ಕರೆಯುವುದು ರೂಢಿಯಿಂದ. ಒಣಗಿಸಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಪ್ರೋಟೀನು, ಮೂರನೇ ಒಂದು ಭಾಗದಷ್ಟು ಕೊಬ್ಬು, ರೋಗ ತಡೆಯುವ ಅಂಶಗಳು. ಲ್ಯಾಕ್ಟೋಸ್ ಇಲ್ಲ. ಹೆಸರು ಒಂದೇ, ಹಸುವಿನ ಹಾಲಿಗೂ ಇದಕ್ಕೂ ಬೇರೆ ಸಂಬಂಧವಿಲ್ಲ.

ಈ ಹಾಲನ್ನು ಸ್ಕಾಟ್ಲೆಂಡ್ ಮೂಲದ ಶಸ್ತ್ರವೈದ್ಯ ಜಾನ್ ಹಂಟರ್ 1786ರಲ್ಲೇ ವಿವರವಾಗಿ ಬರೆದಿಟ್ಟಿದ್ದ. 1933ರಲ್ಲಿ ಅಮೆರಿಕದ ಆಸ್ಕರ್ ರಿಡಲ್ ಮತ್ತು ಜೊತೆಗಾರರು ಪಾರಿವಾಳದ ಕ್ರಾಪ್ ದಪ್ಪವಾಗುವುದನ್ನೇ ಅಳತೆಗೋಲು ಮಾಡಿಕೊಂಡು, ಅದರ ಹಿಂದಿರುವ ಹಾರ್ಮೋನಿಗೆ ಪ್ರೊಲ್ಯಾಕ್ಟಿನ್ ಎಂದು ಹೆಸರಿಟ್ಟರು. ನಮ್ಮ ತಾಯಂದಿರಲ್ಲಿ ಎದೆಹಾಲು ಬರಿಸುವುದೂ ಇದೇ ಹಾರ್ಮೋನು. ಮರಿ ಸಾಕುತ್ತಿರುವ ಜೋಡಿಯನ್ನು ಯಾರಾದರೂ ದೂರದ ರೇಸಿಗೆ ಕಳಿಸಿದರೆ ನನಗೆ ಸಂಕಟವಾಗುವುದು ಇದಕ್ಕೇ. ಗೂಡಿನಲ್ಲಿರುವ ಮರಿಗೆ ಮೊದಲ ನಾಲ್ಕೈದು ದಿನ ಬೇರೆ ಯಾವ ಆಹಾರವೂ ಇಲ್ಲ.

ತಾಯಿ ತಂದೆ ಇಬ್ಬರೂ ಇಲ್ಲವಾದ ಎಳೆ ಮರಿಗೂ ಹಸುವಿನ ಹಾಲು, ಮಕ್ಕಳ ಹಾಲಿನ ಪುಡಿ ಹಾಕಬೇಡಿ. ಒಂದೆರಡು ದಿನದ ವ್ಯತ್ಯಾಸದಲ್ಲಿ ಮರಿ ಮಾಡಿರುವ, ಒಂದೇ ಮರಿ ಇರುವ ಜೋಡಿಯ ಕೆಳಗೆ ಸಂಜೆ ಕತ್ತಲಾಗುವಾಗ ಮೆಲ್ಲಗೆ ಇಡಿ. ಬಹಳಷ್ಟು ಸಲ ಒಪ್ಪಿಕೊಳ್ಳುತ್ತವೆ. ನಿಮ್ಮಲ್ಲಿ ಅಂಥ ಜೋಡಿ ಇಲ್ಲದಿದ್ದರೆ ಪಕ್ಕದ ಲಾಫ್ಟಿನವರನ್ನು, ಅಂದರೆ ಪಾರಿವಾಳದ ಗೂಡುಮನೆ ಇಟ್ಟವರನ್ನು, ಕೇಳಿ.

ಮೊಸರಿನ ಮಾತು ಬೇರೆ. ಹೆಪ್ಪು ಹಾಕಿದಾಗ ಲ್ಯಾಕ್ಟೋಸಿನ ಒಂದು ಪಾಲು ಆಮ್ಲವಾಗಿ ತಿರುಗಿರುತ್ತದೆ, ಪ್ರಮಾಣವೂ ಚಿಕ್ಕದಾದರೆ ಹಕ್ಕಿ ತಡೆದುಕೊಳ್ಳುತ್ತದೆ. ಬೆಲ್ಜಿಯಂ, ಹಾಲೆಂಡಿನ ಕಡೆಯೂ ಕಾಳಿಗೆ ಮೊಸರು ಸವರಿ, ಮೇಲೆ ಬ್ರೂವರ್ಸ್ ಯೀಸ್ಟ್ ಪುಡಿ ಉದುರಿಸಿ ಕೊಡುವವರಿದ್ದಾರೆ. ನಿಮಗೆ ಕೊಡಲೇಬೇಕು ಅನ್ನಿಸಿದರೆ ವಾರಕ್ಕೊಮ್ಮೆ, ಅರ್ಧ ಕೆಜಿ ಕಾಳಿಗೆ ಎರಡು ಟೀ ಚಮಚ ಹುಳಿಯಿಲ್ಲದ ಗಟ್ಟಿ ಮೊಸರು ಕಲಸಿ, ಕಾಳು ಒಂದಕ್ಕೊಂದು ಅಂಟದಷ್ಟು ಒಣಗಿದ ಮೇಲೆ ಹಾಕಿ. ಅರ್ಧ ಗಂಟೆಯಲ್ಲಿ ತಿನ್ನದೆ ಉಳಿದದ್ದನ್ನು ತೆಗೆದುಬಿಡಿ. ಆ್ಯಂಟಿಬಯಾಟಿಕ್ ಕೋರ್ಸು ಮುಗಿದ ಮೇಲೆ ಒಂದೆರಡು ಸಲ ಹೀಗೆ ಕೊಡುವುದನ್ನು ನಾನೂ ಹೇಳುತ್ತೇನೆ. ಕುಡಿಯುವ ನೀರಿಗೆ ಮಾತ್ರ ಮಜ್ಜಿಗೆ ಸುರಿಯಬೇಡಿ, ನಮ್ಮ ಹವೆಯಲ್ಲಿ ಡಬ್ಬಿಯ ತಳ ಮಧ್ಯಾಹ್ನಕ್ಕೇ ಲೋಳೆಯಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ಯಾಕೆಂದರೆ ಇದನ್ನು ಬಹಳ ಜನ ತಪ್ಪು ಮಾಡುತ್ತಾರೆ. ಉಸಿರಿನ ತೊಂದರೆಗೆ ಡಾಕ್ಟರು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟಿದ್ದರೆ ಆ ದಿನಗಳಲ್ಲಿ ಮೊಸರು, ಕ್ಯಾಲ್ಸಿಯಂ ಟಾನಿಕ್, ಗ್ರಿಟ್ ಮೂರನ್ನೂ ಎತ್ತಿಡಿ. ಕ್ಯಾಲ್ಸಿಯಂ ಆ ಔಷಧವನ್ನು ಕರುಳಿನಲ್ಲೇ ಹಿಡಿದು ಕಟ್ಟಿಹಾಕುತ್ತದೆ, ರಕ್ತಕ್ಕೆ ಬಿಡುವುದಿಲ್ಲ. "ಏಳು ದಿನ ಔಷಧಿ ಹಾಕಿದೆ, ಏನೂ ಪ್ರಯೋಜನ ಆಗಲಿಲ್ಲ ಡಾಕ್ಟ್ರೇ" ಎಂದು ಬಂದವರ ಲಾಫ್ಟಿನ ಮೂಲೆಯಲ್ಲಿ ಗ್ರಿಟ್ಟಿನ ತಟ್ಟೆ ಹಾಗೇ ಇದ್ದದ್ದನ್ನು ಕಂಡಿದ್ದೇನೆ.

ಇನ್ನು ಬಾದಾಮಿ. ಅದರಲ್ಲಿ ವಿಷವಿಲ್ಲ, ಅರ್ಧದಷ್ಟು ಒಳ್ಳೆಯ ಕೊಬ್ಬೇ ಇದೆ. ಆದರೆ ಅಷ್ಟೇ ಕೊಬ್ಬು ಕಡಲೆಕಾಯಿಯಲ್ಲೂ ಇದೆ, ಬೆಲೆ ಎಷ್ಟೋ ಕಡಿಮೆ, ಅರೆದು ಕುಡಿಸುವ ಗೋಜೂ ಇಲ್ಲ. ಬೇಳೆ ಮಾಡಿ, ಹುರಿಯದೆ, ಉಪ್ಪು ಹಾಕದೆ ಕೊಟ್ಟರೆ ಹಕ್ಕಿಗಳು ಕೈಮೇಲೆ ಬಂದು ಕೂತು ತಿನ್ನುತ್ತವೆ. ಕಾಳು ಆರಿಸುವಾಗ ಮಾತ್ರ ಬೇಸರಪಡಬೇಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಸಿಕ್ಕಿದ್ದು ಬ್ರೆಜಿಲಿನಿಂದ ತರಿಸಿದ್ದ ಕಡಲೆಕಾಯಿ ಹಿಂಡಿ, ಅದರ ಮೇಲೆ ಬೆಳೆದ ಬೂಷ್ಟು, ಆ ಬೂಷ್ಟಿನ ವಿಷ. ಅಫ್ಲಟಾಕ್ಸಿನ್ ಎಂಬ ಹೆಸರು ಬಂದದ್ದು ಆಗ. ಅದು ಲಿವರನ್ನು ತಿನ್ನುತ್ತದೆ. ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಮುದುಡಿದ, ಬಣ್ಣ ಕೆಟ್ಟ, ಕಹಿಯಾದ, ಮುಗ್ಗಲು ವಾಸನೆಯ ಒಂದು ಬೀಜವೂ ಬೇಡ. ನೀವು ಬಾಯಿಗೆ ಹಾಕಿಕೊಳ್ಳಲು ಒಪ್ಪುವ ಬೀಜವನ್ನೇ ಹಕ್ಕಿಗೆ ಹಾಕಿ. ಮೆಕ್ಕೆಜೋಳಕ್ಕೂ ಇದೇ ಮಾತು. ಅಗ್ಗಕ್ಕೆ ಸಿಕ್ಕಿತೆಂದು ಮಳೆಯಲ್ಲಿ ನೆನೆದ ಜೋಳ ತಂದು ಹಾಕಿ, ಆಮೇಲೆ ಲಿವರ್ ಟಾನಿಕ್ಕಿಗೆ ದುಡ್ಡು ಸುರಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕೊಬ್ಬಿನ ವಿಷಯ ಯಾಕೆ ಇಷ್ಟು ಹೇಳಿದೆನೆಂದರೆ, ಪಾರಿವಾಳ ದೂರ ಹಾರುವುದು ಕೊಬ್ಬನ್ನು ಉರಿಸಿಕೊಂಡು. ಓಟಗಾರರು ಗ್ಲೂಕೋಸ್ ನೆಕ್ಕುವುದನ್ನು ನೋಡಿ ನಾವು ಹಕ್ಕಿಗೂ ಅದೇ ಅಂದುಕೊಳ್ಳುತ್ತೇವೆ. ಎದ್ದು ಹಾರುವ ಮೊದಲ ಕೆಲವು ನಿಮಿಷಗಳಿಗೆ ಸಕ್ಕರೆ ಬೇಕು ನಿಜ, ಆಮೇಲೆ ಗಂಟೆಗಟ್ಟಲೆ ರೆಕ್ಕೆ ಬಡಿಸುವುದು ಕೊಬ್ಬೇ. ಒಂದು ಗ್ರಾಂ ಸಕ್ಕರೆಯಿಂದ ಸಿಗುವುದು 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಿಂದ 9. ಕೊಬ್ಬು ಉರಿದಾಗ ಮೈಯೊಳಗೇ ಒಂದಿಷ್ಟು ನೀರೂ ಹುಟ್ಟುತ್ತದೆ, ಬಿಸಿಲ ದಾರಿಯಲ್ಲಿ ಅದೂ ಆಸರೆ. ಬೆಂಗಳೂರಿಂದ ಅನಂತಪುರ ಆಕಾಶದ ದಾರಿಯಲ್ಲಿ ಸುಮಾರು 190 ಕಿ.ಮೀ., ಕರ್ನೂಲು 320. ಗಂಟೆಗೆ 70 ಕಿ.ಮೀ. ಎಂದು ಹಿಡಿದರೂ ಕರ್ನೂಲಿಗೆ ನಾಲ್ಕೂವರೆ ಗಂಟೆಯ ಹಾರಾಟ. ರೇಸಿನ ಮುಂಜಾನೆ ಕೊಟ್ಟ ಗ್ಲೂಕೋಸಿನಿಂದ ಅಷ್ಟು ದೂರಕ್ಕೆ ಏನೂ ಆಗುವುದಿಲ್ಲ. ಮೂರು ದಿನ ಮೊದಲಿನಿಂದ ಕಾಳಿನ ಮೂಲಕ ಮೈಗೆ ಸೇರಿದ ಕೊಬ್ಬು ಹಾರಿಸುತ್ತದೆ.

ಹಾಗಾಗಿ ಟಾನಿಕ್ಕಿನ ಚಿಂತೆ ಬಿಟ್ಟು ಕಾಳು ತೂಗಲು ಶುರು ಮಾಡಿ. ಒಂದು ಹಕ್ಕಿಗೆ ದಿನಕ್ಕೆ 30 ಗ್ರಾಂ ಆಸುಪಾಸು, ನಿಮ್ಮ 32ಕ್ಕೆ ಹೆಚ್ಚುಕಡಿಮೆ ಒಂದು ಕೆಜಿ. ಮುಕ್ಕಾಲು ಪಾಲು ಧಾನ್ಯ ಇರಲಿ: ಮೆಕ್ಕೆಜೋಳ, ಬಿಳಿಜೋಳ, ಸಜ್ಜೆ, ಗೋಧಿ. ಕಾಲು ಪಾಲು ದ್ವಿದಳ: ಒಣ ಬಟಾಣಿ, ಹೆಸರು, ಅಲಸಂದೆ, ಹುರುಳಿ. ಧಾನ್ಯದಲ್ಲಿ ಪ್ರೋಟೀನು ನೂರಕ್ಕೆ 10ರ ಸುತ್ತ, ದ್ವಿದಳದಲ್ಲಿ 22ರ ಸುತ್ತ. ಎರಡನ್ನೂ ಹೀಗೆ ಸೇರಿಸಿದರೆ 13 ಬರುತ್ತದೆ, ಹಾರುವ ಹಕ್ಕಿಗೆ ಸಾಕು. ಮರಿ ಸಾಕುವ ಜೋಡಿಗೆ ಮಾತ್ರ ದ್ವಿದಳವನ್ನು ಐದರಲ್ಲಿ ಎರಡು ಪಾಲಿಗೆ ಏರಿಸಿ.

ವಾರದ ಲೆಕ್ಕ ಹೀಗೆ. ಭಾನುವಾರ ರೇಸು, ಶನಿವಾರ ಸಂಜೆ ಹಕ್ಕಿಗಳನ್ನು ರೇಸಿನ ಊರಿಗೆ ಸಾಗಿಸುವ ಬಾಸ್ಕೆಟ್ಟಿಗೆ ತುಂಬುವುದು ಎಂದು ಇಟ್ಟುಕೊಳ್ಳೋಣ. ಸೋಮವಾರ, ಮಂಗಳವಾರ ದ್ವಿದಳ ತುಸು ಹೆಚ್ಚಿರಲಿ, ಹಿಂದಿನ ಹಾರಾಟದಲ್ಲಿ ಸವೆದ ಸ್ನಾಯು ಕೂಡಿಕೊಳ್ಳಬೇಕು. ಬುಧವಾರದಿಂದ ದ್ವಿದಳ ಇಳಿಸುತ್ತ ಮೆಕ್ಕೆಜೋಳ, ಸಜ್ಜೆ ಏರಿಸಿ. ಗುರುವಾರ, ಶುಕ್ರವಾರ ಒಂದು ಹಿಡಿ ಕುಸುಬೆ ಸೇರಿಸಿ, ಸಂಜೆಯ ಊಟ ಮುಗಿದ ಮೇಲೆ ಹಕ್ಕಿಗೆ ಏಳೆಂಟು ಕಡಲೆಕಾಯಿ ಬೀಜ. ಕರ್ನೂಲಿಗೆ ಇಷ್ಟು ಸಾಕು, ಅನಂತಪುರದಷ್ಟು ಹತ್ತಿರದ ರೇಸಿಗೆ ಕಡಲೆಕಾಯಿ ಅರ್ಧಕ್ಕಿಳಿಸಿ, ಇಲ್ಲದಿದ್ದರೆ ಮೈ ಭಾರವಾಗುತ್ತದೆ. ಶನಿವಾರ ಬೆಳಿಗ್ಗೆ ಹೊಟ್ಟೆ ತುಂಬ ಹಾಕಿ, ಮಧ್ಯಾಹ್ನದ ಮೇಲೆ ಗಟ್ಟಿ ಕಾಳು ಬೇಡ. ಕ್ರಾಪಿನಲ್ಲಿ ಮೆಕ್ಕೆಜೋಳ ತುಂಬಿಕೊಂಡು ಬಾಸ್ಕೆಟ್ಟಿಗೆ ಹೋದ ಹಕ್ಕಿಗೆ ರಾತ್ರಿಯೆಲ್ಲ ಬಾಯಾರುತ್ತದೆ. ನೀರು ಮಾತ್ರ ಬಾಸ್ಕೆಟ್ಟಿಗೆ ಹಾಕುವ ಗಳಿಗೆಯವರೆಗೂ ಎದುರಿಗಿರಲಿ.

ಗ್ಲೂಕೋಸ್, ಎಲೆಕ್ಟ್ರೋಲೈಟ್ ಬೇಕಾಗುವುದು ವಾಪಸು ಬಂದಾಗ. ಮಕ್ಕಳಿಗೆ ಭೇದಿಯಾದರೆ ಕೊಡುವ ಓಆರ್‌ಎಸ್ ಪ್ಯಾಕೆಟ್ಟೇ ಸಾಕು. ಒಂದು ಲೀಟರಿನ ಪ್ಯಾಕೆಟ್ಟನ್ನು ಎರಡು ಲೀಟರ್ ನೀರಿಗೆ ಹಾಕಿ, ಹಕ್ಕಿ ಇಳಿದ ಮೇಲೆ ಎರಡು ಮೂರು ಗಂಟೆ ಅದನ್ನಿಡಿ, ಆಮೇಲೆ ಬರೀ ನೀರು. ಮೊದಲು ಕುಡಿಯಲಿ, ಅರ್ಧ ಗಂಟೆ ಬಿಟ್ಟು ನವಣೆ, ಬಿಳಿಜೋಳ, ಗೋಧಿಯಂಥ ಸಣ್ಣ ಕಾಳು ಸ್ವಲ್ಪ ಸ್ವಲ್ಪ ಹಾಕಿ. ಬಂದ ಖುಷಿಯಲ್ಲಿ ಕಡಲೆಕಾಯಿ ಸುರಿಯಬೇಡಿ, ಒಣಗಿದ ಮೈಗೆ ಅದನ್ನು ಅರಗಿಸುವ ತ್ರಾಣ ಆಗ ಇರುವುದಿಲ್ಲ. ಮಾರನೇ ದಿನ ಸ್ನಾನಕ್ಕೆ ಅಗಲ ತಟ್ಟೆಯಲ್ಲಿ ನೀರಿಟ್ಟು ನೋಡಿ. ತಾನಾಗಿ ಇಳಿದು ರೆಕ್ಕೆ ಹರಡಿ ಮೀಯುವ ಹಕ್ಕಿಗೆ ಬೇರೇನೂ ಬೇಡ.

ಅಂಗಡಿಯ ಬಾಟಲಿಗಳಿಗೆ ಬರುತ್ತೇನೆ. ಕ್ಯಾಲ್ಸಿಯಂ ನೀರಿನಲ್ಲಿ ದಿನಾ ಬೇಡ. ಕಪ್ಪೆಚಿಪ್ಪಿನ ಚೂರು, ಇಟ್ಟಿಗೆ ಪುಡಿ, ಇದ್ದಿಲು, ಚಿಟಿಕೆ ಉಪ್ಪು ಇರುವ ಗ್ರಿಟ್ಟನ್ನು ಚಿಕ್ಕ ತಟ್ಟೆಯಲ್ಲಿ ಇಟ್ಟು ಎರಡು ದಿನಕ್ಕೊಮ್ಮೆ ಹೊಸದು ಹಾಕಿ. ಎಷ್ಟು ಬೇಕೋ ಅಷ್ಟನ್ನು ಹಕ್ಕಿಯೇ ತೆಗೆದುಕೊಳ್ಳುತ್ತದೆ. ಮೊಟ್ಟೆಯಿಡುವ ಹೆಣ್ಣು ತಟ್ಟೆಯನ್ನು ಹೇಗೆ ಕೆದಕುತ್ತದೆ ಎಂದು ಒಮ್ಮೆ ನಿಂತು ನೋಡಿ. ಆ ಕ್ಯಾಲ್ಸಿಯಂ ಮೈಗೆ ಹಿಡಿಯಲು ಬೆಳಗಿನ ಬಿಸಿಲು ಬೇಕು. ನಾಲ್ಕೂ ಕಡೆ ಶೀಟು ಹೊಡೆದು ಮುಚ್ಚಿದ ಲಾಫ್ಟಿನಲ್ಲಿ ಬಾಟಲಿಗಟ್ಟಲೆ ಹಾಕಿದರೂ ತೆಳು ಚಿಪ್ಪಿನ ಮೊಟ್ಟೆಯೇ ಬರುತ್ತದೆ.

ಮಲ್ಟಿವಿಟಮಿನ್ ವಾರಕ್ಕೆ ಒಂದು ದಿನ, ಗರಿ ಉದುರುವ ಕಾಲದಲ್ಲಿ ಎರಡು ದಿನ ಸಾಕು. ಬಿ ವಿಟಮಿನ್ ಹೆಚ್ಚಾದರೆ ಹಿಕ್ಕೆಯ ಜೊತೆ ಹೋಗುತ್ತದೆ. ಎ ಮತ್ತು ಡಿ ಹಾಗಲ್ಲ, ಮೈಯಲ್ಲೇ ಕೂಡಿಕೊಳ್ಳುತ್ತವೆ. ಡಿ ಅತಿಯಾದರೆ ಕ್ಯಾಲ್ಸಿಯಂ ಹೋಗಿ ಕಿಡ್ನಿಯಲ್ಲಿ ಕೂರುತ್ತದೆ. ಮೂರು ಬಾಟಲಿ ಒಟ್ಟಿಗೆ ಹಾಕುವವರಿಗೆ ತಾವು ಒಂದೇ ವಿಟಮಿನ್ನನ್ನು ಎರಡೆರಡು ಸಲ ಹಾಕುತ್ತಿದ್ದೇವೆ ಎಂದು ತಿಳಿದಿರುವುದಿಲ್ಲ. ಲೇಬಲ್ ಪಕ್ಕ ಪಕ್ಕ ಇಟ್ಟು ಓದಿ. ಅಲ್ಲಿ ಬರೆದ ಪ್ರಮಾಣ ಬಹುಪಾಲು ಬ್ರಾಯ್ಲರ್ ಕೋಳಿಗೆ ಲೆಕ್ಕ ಹಾಕಿದ್ದು ಎನ್ನುವುದೂ ಕಣ್ಣಿಗೆ ಬೀಳುತ್ತದೆ. ನುಗ್ಗೆಸೊಪ್ಪು ಸಿಗುವ ಊರಿನಲ್ಲಿದ್ದೀರಿ. ವಾರಕ್ಕೆರಡು ಸಲ ಒಂದು ಹಿಡಿ ಸಣ್ಣಗೆ ಹೆಚ್ಚಿ ಹಾಕಿದರೆ ಎ ವಿಟಮಿನ್ನಿಗೆ ಬಾಟಲಿ ಬೇಕಾಗುವುದಿಲ್ಲ.

ವಿಟಮಿನ್ ಎಂಬ ಮಾತು ಹುಟ್ಟಿದ್ದರಲ್ಲಿ ಪಾರಿವಾಳದ ಪಾಲು ದೊಡ್ಡದು. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಕ್ಯಾಸಿಮಿರ್ ಫಂಕ್ ಪಾಲಿಶ್ ಮಾಡಿದ ಅಕ್ಕಿಯನ್ನಷ್ಟೇ ಪಾರಿವಾಳಗಳಿಗೆ ತಿನ್ನಿಸಿದ. ಕೆಲವು ವಾರಗಳಲ್ಲಿ ಅವುಗಳ ಕಾಲು ಸೋತು, ಕತ್ತು ಬೆನ್ನ ಮೇಲಕ್ಕೆ ತಿರುಗಿತು. ತೌಡಿನಿಂದ ತೆಗೆದ ಸಾರ ಕೊಟ್ಟಾಗ ಕೆಲವೇ ಗಂಟೆಗಳಲ್ಲಿ ಎದ್ದು ನಿಂತವು. 1912ರಲ್ಲಿ ಆತ ಆ ಬಗೆಯ ವಸ್ತುಗಳಿಗೆಲ್ಲ ಇಟ್ಟ ಹೆಸರೇ ವಿಟಮಿನ್. ರೇಷನ್ ಅಕ್ಕಿ ಉಳಿದಿದೆ ಎಂದು ಅದನ್ನೇ ತಿಂಗಳುಗಟ್ಟಲೆ ಹಾಕುವವರು ಇಂದಿಗೂ ಇದ್ದಾರೆ, ಅವರ ಲಾಫ್ಟಿನಲ್ಲಿ ಅದೇ ಕತ್ತು ತಿರುಗುವ ಕಾಯಿಲೆಯನ್ನು ನೋಡಬಹುದು. ರಕ್ತಭೇದಿಗೆ ಕೊಡುವ ಆ್ಯಂಪ್ರೋಲಿಯಂ ಔಷಧವನ್ನು ಹೇಳಿದ ದಿನಕ್ಕಿಂತ ಹೆಚ್ಚು ಹಾಕಿದರೂ ಇದೇ ಬಿ1 ಕೊರತೆ ಬರುತ್ತದೆ. ಆದರೆ ಕತ್ತು ತಿರುಗಿದ ಹಕ್ಕಿಗೆಲ್ಲ ಬಿ ಕಾಂಪ್ಲೆಕ್ಸ್ ಕೊಟ್ಟು ಸುಮ್ಮನಾಗಬೇಡಿ. ಕತ್ತು ತಿರುಗಿ, ಹಿಕ್ಕೆಯ ಸುತ್ತ ಬರೀ ತಿಳಿನೀರು ಹರಡುತ್ತಿದ್ದರೆ ಅದು ಪಾರಿವಾಳದ ಪ್ಯಾರಾಮಿಕ್ಸೊ ವೈರಸ್ ಇರಬಹುದು, ಹಕ್ಕಿಯನ್ನು ಬೇರೆ ಇಡಬೇಕು.

ಲಿವರ್ ಟಾನಿಕ್ ನನ್ನ ಲೆಕ್ಕದಲ್ಲಿ ಬೇಡವೇ ಬೇಡ. ಕಾಳು ಶುದ್ಧವಿದ್ದರೆ ಲಿವರಿಗೆ ಟಾನಿಕ್ ಬೇಕಿಲ್ಲ, ಕಾಳು ಕೆಟ್ಟಿದ್ದರೆ ಟಾನಿಕ್ ಉಳಿಸುವುದಿಲ್ಲ. ಇನ್ನು "ಸ್ಪೆಷಲ್ ಪುಡಿ", "ರೇಸ್ ಮಾತ್ರೆ" ಎಂದು ಲೇಬಲ್ ಇಲ್ಲದೆ ಕೈಗೆ ತುರುಕುವುದನ್ನು ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ. ಎಷ್ಟೋ ಸಲ ಅದರೊಳಗೆ ಸ್ಟಿರಾಯ್ಡೋ ನೋವಿನ ಮಾತ್ರೆಯೋ ಇರುತ್ತದೆ. ಪಾರಿವಾಳ ರೇಸಿನ ತವರಾದ ಬೆಲ್ಜಿಯಂನ 20 ಹಕ್ಕಿಗಳ ಮಾದರಿಗಳನ್ನು 2013ರಲ್ಲಿ ದಕ್ಷಿಣ ಆಫ್ರಿಕಾದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದಾಗ ಆರರಲ್ಲಿ ನಿಷೇಧಿತ ಔಷಧ ಸಿಕ್ಕಿತು, ಒಂದರಲ್ಲಂತೂ ಕೊಕೇನ್. ನೋವು ಮರೆಸಿ ಹಾರಿಸಿದ ಹಕ್ಕಿ ತನ್ನ ಮೈ ಎಷ್ಟು ಸೋತಿದೆ ಎಂದು ತಿಳಿಯದೆ ಹಾರಿ ದಾರಿಯಲ್ಲಿ ಬೀಳುತ್ತದೆ. ಮನೆಗೆ ಬರಬೇಕೆಂಬ ಅದರ ಆಸೆಯನ್ನು ನಂಬಿ ತಾನೇ ನಾವು ಬಾಸ್ಕೆಟ್ ತೆರೆಯುವುದು!

ನೀವು ಕೇಳದಿದ್ದರೂ ಒಂದು ಮಾತು: ಕೊಬ್ಬಿಗೆ ಒಳ್ಳೆಯದು ಎಂದು ಬೆಣ್ಣೆಹಣ್ಣು, ನಾವು ಬಟರ್ ಫ್ರೂಟ್ ಅನ್ನುತ್ತೇವಲ್ಲ ಅದು, ಹಕ್ಕಿಗೆ ಹಾಕಬೇಡಿ. ಹಕ್ಕಿಗಳಿಗೆ ಅದು ನಿಜಕ್ಕೂ ವಿಷ.

ಈಗ ನಿಮ್ಮ ಆ ಎರಡು ಹಕ್ಕಿಗಳು. ಇವತ್ತೇ ಅವನ್ನು ಬೇರೆ ಪಂಜರದಲ್ಲಿ, ಗಾಳಿ ಬೀಸದ ಬೆಚ್ಚಗಿನ ಜಾಗದಲ್ಲಿ ಇಡಿ. ತಳಕ್ಕೆ ದಿನಪತ್ರಿಕೆ ಹಾಸಿ, ಹಿಕ್ಕೆ ನಿಮಗೆ ಸರಿಯಾಗಿ ಕಾಣಬೇಕು. ಓಆರ್‌ಎಸ್ ನೀರು ಎರಡು ದಿನ, ದಿನಕ್ಕೆ ಎರಡು ಸಲ ಹೊಸದು. ಕಾಳಿನಲ್ಲಿ ಬಿಳಿಜೋಳ, ನವಣೆ, ಚೂರು ಹೆಸರು. ಬೆಳಿಗ್ಗೆ ಕ್ರಾಪ್ ಮುಟ್ಟಿ ನೋಡಿ. ರಾತ್ರಿಯ ಕಾಳು ಖಾಲಿಯಾಗಿರಬೇಕು. ಖಾಲಿಯಾಗದೆ ಮೆತ್ತಗೆ ತುಂಬಿಕೊಂಡಿದ್ದು ಬಾಯಿಂದ ಹುಳಿ ವಾಸನೆ ಬಂದರೆ ನಾನು ಹೇಳಿದ ನೀಲಿ ಹಕ್ಕಿಯ ಕಥೆಯೇ. ನೀವೇ ತಲೆಕೆಳಗೆ ಮಾಡಿ ಕಕ್ಕಿಸಲು ಹೋಗಬೇಡಿ, ಡಾಕ್ಟರೇ ಮಾಡಬೇಕು.

ಹಾಲು ನಿಲ್ಲಿಸಿದ ಮೇಲೆ ಎರಡು ದಿನದಲ್ಲಿ ಹಿಕ್ಕೆ ಗುಂಡಗೆ, ಕಂದು ಬಣ್ಣಕ್ಕೆ, ಮೇಲೊಂದು ಬಿಳಿ ಟೊಪ್ಪಿಗೆಗೆ ಮರಳಿದರೆ ದೋಷ ಹಾಲಿನದ್ದೇ. ಮರಳದಿದ್ದರೆ ಹಾಲಿನ ಜೊತೆ ಬೇರೊಂದು ಕಾಯಿಲೆಯೂ ಸೇರಿಕೊಂಡಿದೆ: ಕಾಕ್ಸಿಡಿಯ ಎಂಬ ಕರುಳಿನ ಪರಾವಲಂಬಿ, ಜಂತುಹುಳು, ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯ, ಇಲ್ಲವೇ ಕ್ಯಾಂಕರ್ ಎಂಬ ಗಂಟಲಿನ ಸೋಂಕು (ಇದು ಕ್ಯಾನ್ಸರ್ ಅಲ್ಲ). ಒಂದೇ ಸಿರಿಂಜಿನಲ್ಲಿ 32 ಹಕ್ಕಿಗಳಿಗೂ ಕುಡಿಸಿದ್ದರೆ ಒಂದರ ಬಾಯಿಯ ಕ್ಯಾಂಕರ್ ಎಲ್ಲಕ್ಕೂ ದಾಟಿರಬಹುದು, ಆದ್ದರಿಂದ ಎಲ್ಲದರ ಗಂಟಲನ್ನೂ ಟಾರ್ಚ್ ಬಿಟ್ಟು ನೋಡಿ, ಹಳದಿ ಕೆನೆಯಂಥದ್ದು ಅಂಟಿದೆಯೇ ಎಂದು. ಬೆಳಗಿನ ತಾಜಾ ಹಿಕ್ಕೆಯನ್ನು ಚಿಕ್ಕ ಡಬ್ಬಿಯಲ್ಲಿ ಹಾಕಿಕೊಂಡು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ನಿಮ್ಮ ಹತ್ತಿರದ ಪಕ್ಷಿ ಡಾಕ್ಟರ ಹತ್ತಿರವೋ ಹೋಗಿ. ಪರೀಕ್ಷೆ ಮಾಡಿಸದೆ ಆ್ಯಂಟಿಬಯಾಟಿಕ್ ಶುರು ಮಾಡಬೇಡಿ.

ಕರ್ನೂಲಿಗೆ ಈ ಎರಡನ್ನೂ ಬಿಡಬೇಡಿ, ಎಷ್ಟು ಆಸೆಯಿದ್ದರೂ. ಹಿಕ್ಕೆ ಸರಿಯಾಗಿ ಏಳು ದಿನ ಕಳೆದು, ಎದೆಮೂಳೆಯ ಎರಡೂ ಬದಿ ಮಾಂಸ ತುಂಬಿ ದುಂಡಗೆ ಕೈಗೆ ಸಿಕ್ಕ ಮೇಲೆ ಮೊದಲು ದೇವನಹಳ್ಳಿ, ಆಮೇಲೆ ಚಿಕ್ಕಬಳ್ಳಾಪುರದಿಂದ ಒಂದೊಂದು ಟಾಸ್, ಅಂದರೆ ಅಭ್ಯಾಸದ ಹಾರಾಟ, ಕೊಡಿ. ಆ ಹೊತ್ತಿಗೆ ಮಾವನವರನ್ನೂ ತಾರಸಿಗೆ ಕರೆಯಿರಿ. ಆಕಾಶದಲ್ಲಿ ಚುಕ್ಕೆಯಾಗಿ ಬರುವ ಹಕ್ಕಿ ಯಾವುದೆಂದು ನಿಮಗಿಂತ ಮೊದಲು ಗುರುತಿಸುವ ಕಣ್ಣು ಅವರದ್ದೇ ಇರುತ್ತದೆ.